ಗಾಜಿನ ಪೆಟ್ಟಿಗೆಯಿಂದ ಹೊಸಿಲಿನಾಚೆಗೆ

(ನಮ್ಮ ಕೂಟದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತಿಗಳೂ ಸಂಗೀತ ವಿದ್ವಾಂಸರೂ ನಿಂತು ಮಾತನಾಡಿದ ಈ ವೇದಿಕೆಗೆ ವೈದ್ಯನೊಬ್ಬನನ್ನು ಕರೆದಿದ್ದೀರಿ. ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳ ಬಗ್ಗೆ ಉಪದೇಶ ಕೇಳಬೇಕಾದೀತೆಂದು ಕೆಲವರು ಅಂಜಿರಲೂ ಸಾಕು. ಆ ಅಂಜಿಕೆ ಬೇಡ. ನಾನು ಇಂದು ಹೇಳಹೊರಟಿರುವುದು ಒಂದು ಚರಿತ್ರೆ. ರಾಜರ ಚರಿತ್ರೆಯಲ್ಲ, ಯುದ್ಧದ ಚರಿತ್ರೆಯಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಶಿಶುಗಳ ಚರಿತ್ರೆ.

ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕಕ್ಕೆ ಬಂದು ರೆಸಿಡೆನ್ಸಿ ಮಾಡಿ, ಅಂದಿನಿಂದ ದಿನ ತುಂಬದೆ ಹುಟ್ಟಿದ ಮಕ್ಕಳ ನಡುವೆಯೇ ಕೆಲಸ ಮಾಡುತ್ತಾ ಬಂದಿದ್ದೇನೆ. ಇಂಥ ಮಕ್ಕಳ ತಂದೆತಾಯಿಗಳು ನನ್ನನ್ನು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಮಗು ಉಳಿಯುತ್ತದೆಯೇ ಎಂಬುದು. ಅದಕ್ಕೆ ಉತ್ತರ ಹೇಳಲು ನನಗೆ ತರಬೇತಿ ಸಿಕ್ಕಿದೆ. ಎರಡನೆಯದು ಕೆಲವು ವಾರಗಳ ಮೇಲೆ, ಬಹುಮಟ್ಟಿಗೆ ಊರಿನಿಂದ ಬಾಣಂತನಕ್ಕೆಂದು ಬಂದ ಅಜ್ಜಿಯ ಬಾಯಿಂದ ಬರುತ್ತದೆ: "ಡಾಕ್ಟರೇ, ಕೂಸನ್ನ ಹೊರಗೆ ಕರ್ಕೊಂಡು ಹೋಗೋದು ಯಾವಾಗ?" ಈ ಎರಡನೆಯ ಪ್ರಶ್ನೆಗೆ ಸಂಪೂರ್ಣವಾದ ಉತ್ತರ ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ಏಕೆಂದರೆ ಆ ಉತ್ತರದ ಅರ್ಧ ಭಾಗ ಮಗುವಿನ ಶ್ವಾಸಕೋಶದಲ್ಲಿದೆ. ಉಳಿದರ್ಧ ಹೊರಗಿನ ಜನರ ನಡತೆಯಲ್ಲಿದೆ. ಆ ಹೊರಗಿನ ಜನ ಯಾರೆಂದರೆ, ಈ ಸಭಾಂಗಣದಲ್ಲಿ ಕುಳಿತಿರುವ ನಾವೇ.

ಆದ್ದರಿಂದ ದುರ್ಬಲ ಶಿಶುವಿಗೂ ಸಾರ್ವಜನಿಕರಿಗೂ ಇರುವ ಸಂಬಂಧ ಕಳೆದ ಸುಮಾರು ನೂರೈವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ತಮ್ಮ ಮುಂದಿಡುತ್ತೇನೆ.

ಹಳೆಯ ಬಾಣಂತಿ ಕೋಣೆ

ನಮ್ಮ ನಾಡಿನಲ್ಲಿ ಹೆರಿಗೆಯೆಂಬುದು ಮನೆಯ ಒಳಕೋಣೆಯ ವ್ಯವಹಾರವಾಗಿದ್ದಿತು. ಕತ್ತಲೆ ಕೋಣೆ, ಕಂಬಳಿ, ಕೆಂಡದ ಅಗ್ಗಿಷ್ಟಿಕೆ, ಬಾಗಿಲಿಗೆ ಬೇವಿನ ಸೊಪ್ಪು, ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದೆಂಬ ಕಟ್ಟಳೆ. ಮಗುವಿಗೆ ದೃಷ್ಟಿಬೊಟ್ಟು. ತಿಂಗಳು ಕಳೆಯುವ ತನಕ ಹೊಸಿಲು ದಾಟಿಸುವಂತಿಲ್ಲ. ಇವುಗಳಲ್ಲಿ ಕೆಲವು ಮೂಢನಂಬಿಕೆಗಳು, ಕೆಲವು ಅನುಭವದಿಂದ ಬಂದ ವಿವೇಕ. ಬೆಚ್ಚಗಿಡುವುದು, ಜನಸಂದಣಿಯಿಂದ ದೂರವಿಡುವುದು, ಕೈಕಾಲು ತೊಳೆಯುವುದು ಎಂಬ ಮೂರನ್ನು ಇಂದಿನ ಶಿಶುವೈದ್ಯರೂ ಒಪ್ಪುತ್ತಾರೆ. ಹೊಗೆಯನ್ನು ಮಾತ್ರ ಒಪ್ಪುವುದಿಲ್ಲ.

ದಿನ ತುಂಬದ ಕೂಸನ್ನು ಹತ್ತಿಯಲ್ಲಿ ಸುತ್ತಿ ತಾಯಿಯ ಮಗ್ಗುಲಲ್ಲಿ ಮಲಗಿಸಿ ದೇವರ ಮೇಲೆ ಭಾರ ಹಾಕುವುದೇ ಅಂದಿನ ಚಿಕಿತ್ಸೆ. ಮಹಾಭಾರತದಲ್ಲಿ ಗಾಂಧಾರಿಯ ಮಾಂಸಪಿಂಡವನ್ನು ವ್ಯಾಸರು ವಿಭಾಗಿಸಿ ತುಪ್ಪದ ಕೊಡಗಳಲ್ಲಿ ಇಡಿಸಿದ ಕಥೆ ನಮಗೆಲ್ಲ ಗೊತ್ತು. ಆ ಕಥೆಯನ್ನು ಮುಂದಿಟ್ಟುಕೊಂಡು ಇನ್‌ಕ್ಯುಬೇಟರನ್ನು ನಾವೇ ಮೊದಲು ಕಂಡುಹಿಡಿದೆವೆಂದು ಹೇಳುವ ಉತ್ಸಾಹ ನನಗಿಲ್ಲ. ಆದರೆ ಗರ್ಭದಿಂದ ಬೇಗ ಹೊರಬಿದ್ದದ್ದಕ್ಕೆ ಎರಡನೆಯ ಗರ್ಭವೊಂದನ್ನು ಕಟ್ಟಿಕೊಡಬೇಕೆಂಬ ಹಂಬಲ ಮನುಷ್ಯನಲ್ಲಿ ಬಹಳ ಹಿಂದಿನಿಂದ ಇದ್ದಿತೆಂಬುದಕ್ಕೆ ಆ ಕಥೆ ಸಾಕ್ಷಿ.

ಪ್ಯಾರಿಸ್ಸಿನ ಕೋಳಿಮರಿಗಳು

ಆ ಹಂಬಲ ಯಂತ್ರರೂಪ ತಾಳಿದ್ದು ಫ್ರಾನ್ಸ್ ದೇಶದಲ್ಲಿ. ಪ್ಯಾರಿಸ್ಸಿನ ಮಾಟೆರ್ನಿಟೇ ಹೆರಿಗೆ ಆಸ್ಪತ್ರೆಯ ವೈದ್ಯರಾಗಿದ್ದ ಸ್ಟೆಫಾನ್ ಟಾರ್ನಿಯೇ ಅವರು ಅಲ್ಲಿಯ ಮೃಗಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಗಳನ್ನು ಕಂಡರು. ಮೊಟ್ಟೆಗೆ ಆಗುವುದು ಮಗುವಿಗೆ ಏಕಾಗಬಾರದೆಂದು ಯೋಚಿಸಿ, ಮೃಗಾಲಯದ ಓದಿಲ್ ಮಾರ್ತ್ಯಾಂ ಎಂಬವರ ಕೈಯಲ್ಲೇ ಬಿಸಿನೀರಿನಿಂದ ಬೆಚ್ಚಗಾಗುವ ಪೆಟ್ಟಿಗೆಯೊಂದನ್ನು ಮಾಡಿಸಿ 1880ರಲ್ಲಿ ಆಸ್ಪತ್ರೆಯಲ್ಲಿ ಇರಿಸಿದರು. ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಮರಣ ಪ್ರಮಾಣ ಶೇಕಡಾ 66ರಿಂದ 38ಕ್ಕೆ ಇಳಿಯಿತೆಂದು ಆ ಆಸ್ಪತ್ರೆ ಪ್ರಕಟಿಸಿತು. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಬರಿಯ ಬಿಸಿ ಹಾಗೂ ಹಾಲಿನ ಆರೈಕೆ.

ಟಾರ್ನಿಯೇ ಅವರ ಶಿಷ್ಯ ಪಿಯೇರ್ ಬ್ಯೂಡಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಹೊರಗಿದ್ದ ತಾಯಿ. ಮಗುವಿನಿಂದ ಬೇರ್ಪಟ್ಟು ವಾರಗಟ್ಟಲೆ ದೂರವಿದ್ದ ತಾಯಿಗೆ ಕ್ರಮೇಣ ಆ ಮಗುವಿನ ಮೇಲಿನ ಆಸಕ್ತಿಯೇ ಕುಂದುವುದನ್ನು ಅವರು ಗಮನಿಸಿದರು. ಆದ್ದರಿಂದ ತಾಯಂದಿರು ಬಂದು ಮಗುವನ್ನು ನೋಡಬೇಕು, ಸಾಧ್ಯವಾದರೆ ತಾವೇ ಮೊಲೆಯೂಡಬೇಕು ಎಂದು ಬೋಧಿಸಿದರು. 1900ರಲ್ಲಿ ಪ್ರಕಟವಾದ ಅವರ ಪುಸ್ತಕ 1907ರಲ್ಲಿ ಇಂಗ್ಲಿಷಿಗೆ ಬಂದಿತು. ಅದರಲ್ಲಿದ್ದ ಈ ಮಾತನ್ನು ಮುಂದಿನ ಅರ್ಧ ಶತಮಾನ ಮರೆತುಬಿಟ್ಟಿತು. ಆ ಸಂಗತಿಗೆ ಮತ್ತೆ ಬರುತ್ತೇನೆ.

ಜಾತ್ರೆಯಲ್ಲಿ ಕೂಸು

ಇನ್‌ಕ್ಯುಬೇಟರ್ ಬಂದಿತು, ಅದನ್ನು ನಡೆಸುವ ಹಣ ಎಲ್ಲಿಂದ ಬರಬೇಕು? ಹಗಲಿರುಳು ದಾದಿಯರು ಬೇಕು, ಹಾಲೂಡುವ ಹೆಂಗಸರು ಬೇಕು, ಶಾಖ ಒಂದೇ ಮಟ್ಟದಲ್ಲಿರಬೇಕು. ಬಡವರ ಮನೆಯ ಮಗುವಿಗಾಗಿ ಇಷ್ಟು ಖರ್ಚು ಮಾಡಲು ಆಸ್ಪತ್ರೆಗಳು ಸಿದ್ಧವಿರಲಿಲ್ಲ. ಅಲೆಕ್ಸಾಂಡರ್ ಲಿಯೋನ್ ಎಂಬ ಫ್ರೆಂಚ್ ವೈದ್ಯರು ಇದಕ್ಕೊಂದು ಉಪಾಯ ಹುಡುಕಿದರು: ಬಾಗಿಲಲ್ಲಿ ಟಿಕೆಟ್ ಇಟ್ಟು ಜನರಿಗೆ ಮಕ್ಕಳನ್ನು ತೋರಿಸುವುದು, ಆ ದುಡ್ಡಿನಿಂದ ಮಕ್ಕಳನ್ನು ಸಾಕುವುದು. 1896ರ ಬರ್ಲಿನ್ ಪ್ರದರ್ಶನದಲ್ಲಿ, 1897ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಜೀವಂತ ಶಿಶುಗಳಿದ್ದ ಪೆಟ್ಟಿಗೆಗಳ ಮುಂದೆ ಜನ ಸಾಲುಗಟ್ಟಿದರು. ಇದು ಕೂಡದೆಂದು 'ಲ್ಯಾನ್ಸೆಟ್' ವೈದ್ಯಪತ್ರಿಕೆ 1898ರಲ್ಲಿ ಎಚ್ಚರಿಸಿತು. ಜನ ಮಾತ್ರ ಕೇಳಲಿಲ್ಲ.

ಈ ಪ್ರದರ್ಶನಗಳನ್ನು ಅಮೆರಿಕದಲ್ಲಿ ನೆಲೆಗೊಳಿಸಿದಾತ ಮಾರ್ಟಿನ್ ಕೂನಿ. 1898ರಲ್ಲಿ ಒಮಾಹಾ, 1901ರಲ್ಲಿ ಬಫಲೋ ಪ್ರದರ್ಶನಗಳನ್ನು ಮುಗಿಸಿಕೊಂಡು 1903ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ನೆಲೆಯೂರಿದರು. ಅಲ್ಲಿಂದ ಮುಂದೆ ನಲವತ್ತು ವರ್ಷ, ಅಂದರೆ 1943ರ ತನಕ, ಪ್ರತಿ ಬೇಸಿಗೆಯಲ್ಲಿ ಈ ಪ್ರದರ್ಶನ ನಡೆಯಿತು. ನಮ್ಮ ಊರ ಜಾತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ: ತೊಟ್ಟಿಲು ರಾಟೆ, ಬಣ್ಣದ ಮಿಠಾಯಿ, ದೊಂಬರಾಟ, ಬಯಾಸ್ಕೋಪ್ ಪೆಟ್ಟಿಗೆ. ಅವುಗಳ ನಡುವೆ ಒಂದು ಶುಭ್ರವಾದ ಕಟ್ಟಡ. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಒಂದೊಂದು ಕಿಲೋ ತೂಗುವ ಕೂಸುಗಳು. ಮುಂದೆ ಕಬ್ಬಿಣದ ಕಂಬಿ. ಕಂಬಿಯ ಈಚೆ ಟಿಕೆಟ್ ಕೊಂಡ ಜನ. 1930ರ ದಶಕದಲ್ಲಿ ಆ ಟಿಕೆಟಿನ ಬೆಲೆ 25 ಸೆಂಟ್. ದಾದಿಯೊಬ್ಬಳು ತನ್ನ ಬೆರಳಿನ ಉಂಗುರವನ್ನು ತೆಗೆದು ಮಗುವಿನ ಮಣಿಕಟ್ಟಿಗೆ ತೊಡಿಸಿ ಜನರನ್ನು ಬೆರಗುಗೊಳಿಸುತ್ತಿದ್ದಳು.

ಕೇಳಿದರೆ ಅಸಹ್ಯವೆನಿಸುತ್ತದೆ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಕೂನಿ ತಂದೆತಾಯಿಗಳಿಂದ ಒಂದು ಕಾಸನ್ನೂ ಪಡೆಯಲಿಲ್ಲ. ವರ್ಣಭೇದವೆಣಿಸದೆ ಮಕ್ಕಳನ್ನು ಸೇರಿಸಿಕೊಂಡರು. ಆಸ್ಪತ್ರೆಯವರು ಕೈಬಿಟ್ಟ ಕೂಸುಗಳನ್ನು ಎತ್ತಿಕೊಂಡು ತಂದೆಯಂದಿರು ಅವರ ಬಾಗಿಲಿಗೆ ಓಡಿ ಬರುತ್ತಿದ್ದರು. 1907ರಲ್ಲಿ ಅವರ ಸ್ವಂತ ಮಗಳೇ ದಿನ ತುಂಬದೆ ಹುಟ್ಟಿದಾಗ ಆಕೆಯನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಸಾಕಿದರು. ತಮ್ಮ ಕೈಗೆ ಬಂದ ಸುಮಾರು 8,000 ಮಕ್ಕಳಲ್ಲಿ 6,500 ಮಕ್ಕಳು ಬದುಕಿದರೆಂಬುದು ಅವರೇ ಕೊಟ್ಟ ಲೆಕ್ಕ. ಆತ ವೈದ್ಯಕೀಯ ಪದವಿ ಪಡೆದಿದ್ದುದಕ್ಕೆ ದಾಖಲೆಯೇ ಇಲ್ಲವೆಂದು ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ವೈದ್ಯನಲ್ಲದವನೊಬ್ಬ, ವೈದ್ಯರೆಲ್ಲ ಕೈಚೆಲ್ಲಿದ ಕೆಲಸವನ್ನು ಜಾತ್ರೆಯಲ್ಲಿ ನಿಂತು ಮಾಡಿದನೆಂಬುದು ನನ್ನಂಥ ಪದವೀಧರರು ತಲೆತಗ್ಗಿಸಿ ಕೇಳಬೇಕಾದ ಕಥೆ.

ಅಪಾಯವಿರಲಿಲ್ಲವೇ? ಇದ್ದಿತು. 1904ರ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಅನನುಭವಿಗಳಾದ ಬೇರೆಯವರು ಈ ವ್ಯವಹಾರವನ್ನು ವಹಿಸಿಕೊಂಡಾಗ ಬೇಸಿಗೆಯಲ್ಲಿ ಭೇದಿಯ ಸೋಂಕು ಹರಡಿ ಅನೇಕ ಮಕ್ಕಳು ಸತ್ತವು. ಬಳಿಕ ಅದನ್ನು ವಹಿಸಿಕೊಂಡ ಡಾಕ್ಟರ್ ಜಾನ್ ಝಹೋರ್ಸ್ಕಿ ಮಾಡಿದ ಸುಧಾರಣೆಗಳಲ್ಲಿ ಒಂದು ಪ್ರೇಕ್ಷಕರಿಗೂ ಮಕ್ಕಳಿಗೂ ನಡುವೆ ಗಾಜಿನ ಗೋಡೆ ಕಟ್ಟಿಸಿದ್ದು. 1911ರ ಮೇ 27ರಂದು ಕೋನಿ ಐಲ್ಯಾಂಡಿನ ಡ್ರೀಮ್‌ಲ್ಯಾಂಡ್ ಉದ್ಯಾನ ಬೆಂಕಿಗೆ ಆಹುತಿಯಾಯಿತು. ಪೆಟ್ಟಿಗೆಯ ಕೂಸುಗಳು ಸತ್ತವೆಂದೇ ಮೊದಲು ಸುದ್ದಿ ಹಬ್ಬಿತು. ಆದರೆ ಆರೈಕೆಯವರು ಎಲ್ಲ ಮಕ್ಕಳನ್ನೂ ಎತ್ತಿಕೊಂಡು ಪಾರಾಗಿದ್ದರು.

1933ರಲ್ಲಿ ಷಿಕಾಗೋ ನಗರದ ವಿಶ್ವ ಪ್ರದರ್ಶನದಲ್ಲಿ ಈ ಕಥೆ ಒಂದು ತಿರುವು ಪಡೆಯಿತು. ಆ ಊರಿನ ಜೂಲಿಯಸ್ ಹೆಸ್ ಎಂಬ ಗೌರವಾನ್ವಿತ ಶಿಶುವೈದ್ಯರು ಕೂನಿಯೊಡನೆ ಕೈಜೋಡಿಸಿದರು. ಹೆಸ್ ಅವರು 1922ರಲ್ಲಿಯೇ ಸಾರಾ ಮೋರಿಸ್ ಆಸ್ಪತ್ರೆಯಲ್ಲಿ ದಿನ ತುಂಬದ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದವರು. 1934ರ ಜುಲೈ 25ರಂದು ಹಿಂದಿನ ವರ್ಷ ಅಲ್ಲಿ ಬೆಳೆದ 58 ಮಕ್ಕಳಲ್ಲಿ 41 ಮಕ್ಕಳು ತಾಯಂದಿರ ಕಂಕುಳಲ್ಲಿ ಕುಳಿತು ಮತ್ತೆ ಪ್ರದರ್ಶನಕ್ಕೆ ಬಂದರು. ಈ ಬಾರಿ ಪೆಟ್ಟಿಗೆಯೊಳಗಲ್ಲ, ಅತಿಥಿಗಳಾಗಿ. ಆ ಸಮಾರಂಭ ರೇಡಿಯೋದಲ್ಲಿ ಬಿತ್ತರವಾಯಿತು.

ಇದೇ ಷಿಕಾಗೋ ನಗರದ ಕಾನೂನು ಪುಸ್ತಕದಲ್ಲಿ 1881ರಿಂದ ಒಂದು ನಿಬಂಧನೆಯಿದ್ದಿತು. ಅಂಗವಿಕಲರು, ವಿರೂಪಗೊಂಡವರು, ರೋಗದಿಂದ ನೋಡಲು ಅಸಹ್ಯವಾಗಿರುವವರು ಬೀದಿಯಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳಕೂಡದು, ಬಿದ್ದರೆ ದಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದೇ ಕಟ್ಟಳೆ 1867ರಲ್ಲಿಯೇ ಬಂದಿದ್ದಿತು. ಷಿಕಾಗೋ ತನ್ನದನ್ನು ರದ್ದುಪಡಿಸಿದ್ದು 1974ರಲ್ಲಿ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಟಿಕೆಟ್ ಕೊಂಡು ನೋಡುವುದಾದರೆ ದುರ್ಬಲ ಮಗು ಒಂದು ಅದ್ಭುತ. ಅದೇ ಮಗು ಊನವನ್ನು ಹೊತ್ತು ಬೆಳೆದು ಬೀದಿಗೆ ಬಂದರೆ ಅಪರಾಧ. ಜನ ಮಗುವನ್ನು ನೋಡಬಹುದು, ಮಗು ಮಾತ್ರ ಜನರ ನಡುವೆ ಬರಕೂಡದು.

ಮುಚ್ಚಿದ ಬಾಗಿಲು

ಕ್ರಮೇಣ ಆಸ್ಪತ್ರೆಗಳು ಈ ಮಕ್ಕಳ ಹೊಣೆ ಹೊತ್ತವು. 1943ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯರ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗ ತೆರೆದಾಗ ಕೂನಿ ತಮ್ಮ ಕೆಲಸ ಮುಗಿಯಿತೆಂದು ಪ್ರದರ್ಶನವನ್ನು ಮುಚ್ಚಿದರು, 1950ರಲ್ಲಿ ತೀರಿಕೊಂಡರು. ಜಾತ್ರೆಯ ಗದ್ದಲ ನಿಂತಿತು. ಅದರ ಜಾಗದಲ್ಲಿ ನಿಶ್ಶಬ್ದ ಬಂದಿತು.

ಆಸ್ಪತ್ರೆಯ ವೈದ್ಯರಿಗೆ ಸೋಂಕಿನ ಭಯ ಅತಿಯಾಗಿದ್ದಿತು, ಮತ್ತು ಆ ಭಯಕ್ಕೆ ಕಾರಣವೂ ಇದ್ದಿತು. ಆದ್ದರಿಂದ ಮಗುವಿನ ಕೋಣೆಗೆ ತಂದೆತಾಯಿಗಳಿಗೇ ಪ್ರವೇಶ ನಿಷೇಧವಾಯಿತು. ಗಾಜಿನ ಕಿಟಕಿಯ ಹೊರಗೆ ನಿಂತು ನೋಡಬೇಕು. ಎರಡು ತಿಂಗಳೋ ಮೂರು ತಿಂಗಳೋ ಕಳೆದ ಮೇಲೆ ಒಂದು ದಿನ ದಾದಿ ಮಗುವನ್ನು ತಾಯಿಯ ಕೈಗಿತ್ತು ಮನೆಗೆ ಕಳಿಸುವಳು. ಆ ತಾಯಿ ಅಷ್ಟು ದಿನ ತನ್ನ ಮಗುವನ್ನು ಮುಟ್ಟಿಯೇ ಇರುತ್ತಿರಲಿಲ್ಲ. ಒಂದು ಕಾಲದಲ್ಲಿ ಕಂಬಿಯ ಈಚೆ ನಿಂತಿದ್ದವರು ಟಿಕೆಟ್ ಕೊಂಡ ಅಪರಿಚಿತರು, ಈಗ ಹೆತ್ತವರು.

ಮುಚ್ಚಿದ ಬಾಗಿಲೊಳಗೆ ಎಲ್ಲವೂ ಸುರಕ್ಷಿತವಾಗಿದ್ದಿತೆಂದೂ ಹೇಳುವಂತಿಲ್ಲ. ಉಸಿರಾಟಕ್ಕೆ ನೆರವಾಗಲೆಂದು ಧಾರಾಳವಾಗಿ ಕೊಟ್ಟ ಆಮ್ಲಜನಕವೇ ಎಳೆಯ ಕಣ್ಣಿನ ಅಕ್ಷಿಪಟಲವನ್ನು ಕೆಡಿಸಿತು. 1942ರಲ್ಲಿ ಬಾಸ್ಟನ್ನಿನ ಥಿಯೋಡೋರ್ ಟೆರಿ ಈ ಕುರುಡುತನವನ್ನು ಮೊದಲು ವರ್ಣಿಸಿದರು. 1951ರಲ್ಲಿ ಆಸ್ಟ್ರೇಲಿಯದ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದತ್ತ ಬೆರಳು ತೋರಿದರು. ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಕೂಡಿ 1953-54ರಲ್ಲಿ ನಡೆಸಿದ ಪ್ರಯೋಗದಿಂದ ಅದು ಖಚಿತವಾಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. 1950ರಲ್ಲಿ ದಿನ ತುಂಬದೆ ಹುಟ್ಟಿದ, ನಿಮ್ಮ ಮಕ್ಕಳು ಹಾಡುಗಳನ್ನು ಕೇಳಿರುವ ಸ್ಟೀವಿ ವಂಡರ್ ಅವರಲ್ಲಿ ಒಬ್ಬರು.

ಬಾಗಿಲು ತೆರೆದದ್ದು ನಿಧಾನವಾಗಿ. 1960ರಲ್ಲಿ ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ಗ್ಲಕ್ ತಮ್ಮ ತೀವ್ರ ನಿಗಾ ಘಟಕದಲ್ಲಿ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ನೋಡಿಕೊಂಡರು. ಗೋಡೆಗಳಿಗಿಂತ ಚೆನ್ನಾಗಿ ತೊಳೆದ ಕೈಗಳೇ ಸೋಂಕನ್ನು ತಡೆಯುತ್ತವೆಂಬುದು ಅವರ ನಿಲುವು. ಸ್ಟಾನ್‌ಫರ್ಡಿನಲ್ಲಿ ಕ್ಲಿಫರ್ಡ್ ಬಾರ್ನೆಟ್, ಮಾರ್ಷಲ್ ಕ್ಲಾಸ್ ಮುಂತಾದವರು ತಾಯಂದಿರನ್ನು ಒಳಗೆ ಬಿಟ್ಟು, ಮಕ್ಕಳನ್ನು ಮುಟ್ಟಗೊಟ್ಟು ನೋಡಿದರು. ಸೋಂಕು ಹೆಚ್ಚಲಿಲ್ಲವೆಂಬ ಅವರ ವರದಿ 1970ರಲ್ಲಿ ಪ್ರಕಟವಾಯಿತು. ಬ್ಯೂಡಿನ್ ಏಳು ದಶಕಗಳ ಹಿಂದೆ ಹೇಳಿದ್ದ ಮಾತು ಅಂಕಿಅಂಶಗಳನ್ನು ಹೊತ್ತು ಮರಳಿ ಬಂದಿತು.

1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಇನ್ನೊಂದು ಘಟನೆ ನಡೆಯಿತು. ಬಡವರ ಆಸ್ಪತ್ರೆ, ಇನ್‌ಕ್ಯುಬೇಟರುಗಳು ಸಾಲವು, ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಮಕ್ಕಳು. ಎಡ್ಗರ್ ರೇ ಸನಾಬ್ರಿಯ ಎಂಬ ವೈದ್ಯರು ಮಗುವನ್ನು ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಮರುವರ್ಷದಿಂದ ಹೆಕ್ಟರ್ ಮಾರ್ಟಿನೆಜ್ ಅವರ ಜೊತೆಗೂಡಿದರು. ಕಾಂಗರೂ ಆರೈಕೆಯೆಂದು ಹೆಸರಾದ ಈ ಪದ್ಧತಿ ನಮ್ಮ ನಾಡಿಗೂ ಬಂದಿದೆ. 2010ರ ದಶಕದ ಉತ್ತರಾರ್ಧದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವೈದ್ಯರು ಸರ್ಕಾರದ ಆರೋಗ್ಯ ಇಲಾಖೆಯೊಡನೆ ಕೂಡಿ ಇದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಬಳಕೆಗೆ ತಂದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದೊಡನೆ ತಾಯಿಯೆದೆಗೆ ಕಟ್ಟಿದ ಕಡಿಮೆ ತೂಕದ ಮಕ್ಕಳಲ್ಲಿ ಮೊದಲ 28 ದಿನಗಳ ಮರಣ ಶೇಕಡಾ 25ರಷ್ಟು ಕಡಿಮೆಯಾಯಿತು. ಎರಡನೆಯ ಗರ್ಭಕ್ಕಾಗಿ ನೂರು ವರ್ಷ ಹುಡುಕಿದ ವಿಜ್ಞಾನ ಕೊನೆಗೆ ತಾಯಿಯ ಮಡಿಲಿಗೇ ಬಂದು ನಿಂತಿತು.

ಯಂತ್ರದೊಡನೆ ಮನೆಗೆ

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿದನು. ತೂಕ ಸುಮಾರು 2.1 ಕಿಲೋಗ್ರಾಂ. ಇಂದು ಅಂಥ ಮಗುವಿನ ಬಗ್ಗೆ ನಾವು ಹೆಚ್ಚು ಚಿಂತಿಸುವುದೇ ಇಲ್ಲ. ಅಂದು ಜಗತ್ತಿನ ಅತ್ಯಂತ ಬಲಶಾಲಿ ರಾಷ್ಟ್ರದ ಅಧ್ಯಕ್ಷನ ಮಗನಿಗೂ ಕೊಡಲು ವೈದ್ಯರ ಕೈಯಲ್ಲಿ ಏನೂ ಇರಲಿಲ್ಲ. 39 ಗಂಟೆಗಳಲ್ಲಿ ಮಗು ತೀರಿಕೊಂಡಿತು. ಶ್ವಾಸಕೋಶದ ಒಳಪದರದಲ್ಲಿರಬೇಕಾದ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ವಸ್ತು ಈ ಮಕ್ಕಳಲ್ಲಿ ಸಾಲದೆಂದು ಮೇರಿ ಎಲೆನ್ ಏವರಿ ಅವರು 1959ರಲ್ಲಿಯೇ ತೋರಿಸಿದ್ದರು. ಅದನ್ನು ಔಷಧವಾಗಿ ಹತ್ತು ಮಕ್ಕಳಿಗೆ ಕೊಟ್ಟು ಯಶಸ್ವಿಯಾದ ಜಪಾನಿನ ಫುಜಿವಾರಾ ಅವರ ವರದಿ ಬಂದುದು 1980ರಲ್ಲಿ. ಅದರ ಜೊತೆಗೆ ಕೃತಕ ಉಸಿರಾಟದ ಯಂತ್ರಗಳೂ ಸುಧಾರಿಸಿದವು.

ಮಕ್ಕಳು ಬದುಕಿದರು. ಆದರೆ ಬದುಕಿದವರೆಲ್ಲ ಸಂಪೂರ್ಣ ಗುಣವಾಗಿ ಬದುಕಲಿಲ್ಲ. ಯಂತ್ರದ ಒತ್ತಡ ಹಾಗೂ ಆಮ್ಲಜನಕದಿಂದ ಶ್ವಾಸಕೋಶಕ್ಕೆ ಆಗುವ ದೀರ್ಘಕಾಲದ ಹಾನಿಯನ್ನು 1967ರಲ್ಲಿ ಸ್ಟಾನ್‌ಫರ್ಡಿನ ವಿಲಿಯಂ ನಾರ್ಥ್‌ವೇ ಮತ್ತು ಸಂಗಡಿಗರು ಮೊದಲು ಗುರುತಿಸಿದರು. ಈ ಮಕ್ಕಳಿಗೆ ತಿಂಗಳುಗಟ್ಟಲೆ ಆಮ್ಲಜನಕ ಬೇಕು. ಹಾಗಾದರೆ ಅವರು ಆಸ್ಪತ್ರೆಯಲ್ಲೇ ಬೆಳೆಯಬೇಕೇ? 1976ರಲ್ಲಿ ಡೆನ್ವರಿನ ವೈದ್ಯರು ಇಂಥ ಮಕ್ಕಳನ್ನು ಆಮ್ಲಜನಕದ ಸಮೇತ ಮನೆಗೆ ಕಳಿಸಿದ ಅನುಭವವನ್ನು ಪ್ರಕಟಿಸಿದರು. ಅಲ್ಲಿಗೆ ದುರ್ಬಲ ಶಿಶು ಮೊದಲ ಬಾರಿ ತನ್ನ ಯಂತ್ರದೊಡನೆ ಆಸ್ಪತ್ರೆಯ ಹೊಸಿಲು ದಾಟಿತು.

ದಾಟಲು ಬಿಡದ ಇನ್ನೊಂದು ಹೊಸಿಲೂ ಇದ್ದಿತು: ಕಾನೂನು. ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ನಗರದ ಕೇಟೀ ಬೆಕೆಟ್ 1978ರಲ್ಲಿ ಹುಟ್ಟಿದವಳು. ಕೆಲವೇ ತಿಂಗಳ ಕೂಸಾಗಿದ್ದಾಗ ಮಿದುಳಿನ ಸೋಂಕಿಗೆ ತುತ್ತಾಗಿ ಉಸಿರಾಟಕ್ಕೆ ಯಂತ್ರವನ್ನು ಅವಲಂಬಿಸಬೇಕಾಯಿತು. ಮನೆಗೆ ಹೋಗುವಷ್ಟು ಸುಧಾರಿಸಿದ ಮೇಲೂ ಅವಳು ಆಸ್ಪತ್ರೆಯಲ್ಲೇ ಉಳಿಯಬೇಕಾಗಿದ್ದಿತು. ಕಾರಣ, ಆಸ್ಪತ್ರೆಯಲ್ಲಿದ್ದರೆ ಮಾತ್ರ ಸರ್ಕಾರದ ಮೆಡಿಕೇಡ್ ಹಣ ಕೊಡುತ್ತಿದ್ದಿತು. ಮನೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ನೋಡಿಕೊಂಡರೂ ಕೊಡುತ್ತಿರಲಿಲ್ಲ. ತಾಯಿ ಜೂಲಿ ಬೆಕೆಟ್ ಹಟ ಬಿಡದೆ ಹೋರಾಡಿದರು. 1981ರ ನವೆಂಬರ್ 10ರಂದು ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ವಿಷಯವನ್ನೆತ್ತಿ ನಿಯಮದ ಅಸಂಬದ್ಧತೆಯನ್ನು ಎತ್ತಿ ತೋರಿಸಿದರು. ಅದೇ ಡಿಸೆಂಬರಿನಲ್ಲಿ ಕೇಟೀ ಮನೆಗೆ ಹೋದಳು. 1982ರ ಕಾಯಿದೆಯಿಂದ, ತಂದೆತಾಯಿಗಳ ಆದಾಯವನ್ನು ಲೆಕ್ಕಕ್ಕೆ ಹಿಡಿಯದೆ ಇಂಥ ಮಕ್ಕಳಿಗೆ ಮನೆಯಲ್ಲೇ ನೆರವು ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. 'ಕೇಟೀ ಬೆಕೆಟ್ ವೇವರ್' ಎಂದು ಜನ ಕರೆಯುವುದು ಇದನ್ನೇ. ಲಕ್ಷಾಂತರ ಮಕ್ಕಳು ಇದರ ಪ್ರಯೋಜನ ಪಡೆದಿದ್ದಾರೆ. ಕೇಟೀ ಬೆಳೆದು, ಓದಿ, ಅಂಗವಿಕಲರ ಹಕ್ಕುಗಳಿಗಾಗಿ ದುಡಿದು, 2012ರಲ್ಲಿ 34ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇಲ್ಲಿ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ನಮ್ಮವರಲ್ಲಿ ಅನೇಕರು "ನಮ್ಮಿಬ್ಬರಿಗೂ ಒಳ್ಳೆಯ ಸಂಬಳವಿದೆ, ಸರ್ಕಾರದ ನೆರವು ನಮಗಲ್ಲ" ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಕೇಳುವುದೇ ಅವಮಾನವೆಂದು ಭಾವಿಸುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ನಿಯಮಗಳು ಬೇರೆ, ವೀಸಾದ ಸ್ಥಿತಿಗತಿಯೂ ಲೆಕ್ಕಕ್ಕೆ ಬರುತ್ತದೆ. ಆದರೂ ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ಒಮ್ಮೆ ಕೇಳಿ ನೋಡಿ. ಇದು ಭಿಕ್ಷೆಯಲ್ಲ, ತಾಯಿಯೊಬ್ಬಳು ಹೋರಾಡಿ ಎಲ್ಲರಿಗಾಗಿ ತೆರೆಸಿದ ಬಾಗಿಲು.

ಮನೆಯಾಯಿತು, ಇನ್ನು ಶಾಲೆ. ಅಂಗವಿಕಲ ಮಕ್ಕಳಿಗೂ ಸಾರ್ವಜನಿಕ ಶಾಲೆಯಲ್ಲಿ ಸ್ಥಾನವಿರಬೇಕೆಂಬ ಅಮೆರಿಕದ ಕಾಯಿದೆ 1975ರಲ್ಲಿ ಬಂದಿತು. ಉಸಿರಾಟದ ಯಂತ್ರವಿರುವ ಗ್ಯಾರೆಟ್ ಎಫ್. ಎಂಬ ಹುಡುಗನಿಗೆ ತರಗತಿಯಲ್ಲಿ ದಾದಿಯನ್ನು ಒದಗಿಸುವುದು ಶಾಲೆಯ ಹೊಣೆಯೆಂದು ಸುಪ್ರೀಂ ಕೋರ್ಟು 1999ರಲ್ಲಿ ತೀರ್ಪಿತ್ತಿತು. ಆ ಹುಡುಗನೂ ಅದೇ ಸೀಡರ್ ರ‍್ಯಾಪಿಡ್ಸ್ ನಗರದವನು! ಈ ನಡುವೆ, 1990ರ ಅಂಗವಿಕಲರ ಕಾಯಿದೆ ಅಂಗಡಿ, ಹೋಟೆಲು, ಚಿತ್ರಮಂದಿರಗಳ ಬಾಗಿಲುಗಳನ್ನು ತೆರೆಯಿತು.

ಆದರೆ ಆ ಕಾಯಿದೆಯಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿಯುಂಟು. ಅಂದರೆ ನಮ್ಮ ದೇವಸ್ಥಾನದ ಬಾಗಿಲನ್ನು ಅಂಥ ಮಗುವಿಗೆ ತೆರೆಯಿರಿ ಎಂದು ಆ ಕಾಯಿದೆ ಒತ್ತಾಯಿಸುವುದಿಲ್ಲ. ಅಲ್ಲಿ ಕಾನೂನಿನ ಸ್ಥಾನದಲ್ಲಿರುವುದು ನಮ್ಮ ಮನಸ್ಸೊಂದೇ.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಯನ್ನು ಹೇಳಿದ್ದು ವಿನೋದಕ್ಕಾಗಿ ಅಲ್ಲ. ಯುಗಾದಿಗೂ ರಾಜ್ಯೋತ್ಸವಕ್ಕೂ ತಪ್ಪದೆ ಬರುತ್ತಿದ್ದ ಕುಟುಂಬವೊಂದು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸುತ್ತದೆ. ವಿಚಾರಿಸಿದರೆ, ಮಗುವಿನ ಮೂಗಿನಲ್ಲಿ ನಳಿಕೆ, ಅಥವಾ ಹೊಟ್ಟೆಯಲ್ಲಿ ಹಾಲೂಡುವ ಕೊಳವೆ, ಅಥವಾ ಕುತ್ತಿಗೆಯಲ್ಲಿ ಉಸಿರಾಟದ ರಂಧ್ರ. ಚಳಿಗಾಲದಲ್ಲಿ ವೈದ್ಯರೇ ಬೇಡವೆಂದಿರುತ್ತಾರೆ, ಅದು ಸರಿ. ಆದರೆ ವೈದ್ಯರು ಹೋಗಬಹುದೆಂದ ಮೇಲೂ ಅವರು ಬರುವುದಿಲ್ಲ. ಏಕೆಂದು ನಾನು ಕೇಳಿದ್ದೇನೆ. ಸೋಂಕಿನ ಭಯ ಎಂದವರು ಕೆಲವರು. "ಎಲ್ಲರೂ ನೋಡ್ತಾರೆ, ಡಾಕ್ಟರೇ" ಎಂದವರು ಬಹಳ ಮಂದಿ.

ನೋಡುವುದರಲ್ಲಿ ಎರಡು ಬಗೆಯುಂಟು. ಕಂಬಿಯ ಈಚೆ ನಿಂತು ಟಿಕೆಟ್ ಕೊಂಡವರ ನೋಟ ಒಂದು; ಮನೆಗೆ ಬಂದ ನೆಂಟರ ಮಗುವನ್ನು ನೋಡುವ ನೋಟ ಇನ್ನೊಂದು. ನಮ್ಮ ಹಿರಿಯರು ಕೆಟ್ಟ ದೃಷ್ಟಿಯೆಂದು ಹೆದರಿದ್ದು ಯಾವುದಕ್ಕೆಂದು ನನಗೆ ಹೇಳಲಾಗದು. ಆದರೆ ಎಳೆಯ ತಾಯಿಯೊಬ್ಬಳನ್ನು ಮನೆಯೊಳಗೆ ಕೂಡಿಹಾಕುವ ಶಕ್ತಿ ನೋಟಕ್ಕೆ ಉಂಟೆಂಬುದನ್ನು ಕಣ್ಣಾರೆ ಕಂಡಿದ್ದೇನೆ. "ಏನಾಯ್ತು ಮಗೂಗೆ? ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತಾ? ಬಸುರಿಯಲ್ಲಿ ಏನು ತಿಂದಿದ್ದೆ?" ಎಂಬ ಪ್ರಶ್ನೆಗಳನ್ನು ದಯವಿಟ್ಟು ಕೇಳಬೇಡಿ. ಹೆಚ್ಚಿನ ಅವಧಿಪೂರ್ವ ಜನನಗಳಲ್ಲಿ ತಾಯಿ ಮಾಡಿದ್ದು, ಮಾಡದೆ ಬಿಟ್ಟದ್ದು ಕಾರಣವೇ ಅಲ್ಲ. "ಹೆಸರೇನು? ಎಷ್ಟು ಚೆನ್ನಾಗಿ ನಗ್ತಾನೆ!" ಎಂದರೆ ಸಾಕು. ಬೇರೆ ಯಾವ ಮಗುವಿಗಾದರೂ ಅದನ್ನೇ ತಾನೆ ಹೇಳುವುದು?

ರಕ್ಷಿಸುವುದು ಬೇರೆ, ಬಚ್ಚಿಡುವುದು ಬೇರೆ. ರಕ್ಷಿಸಲು ಬೇಕಾದ ನಿಯಮಗಳು ಕೆಲವೇ. ಚಳಿಗಾಲದಲ್ಲಿ ಹರಡುವ ಆರ್‌ಎಸ್‌ವಿ ಎಂಬ ವೈರಾಣು ನಮಗೆ ಬರಿಯ ನೆಗಡಿ. ಈ ಮಕ್ಕಳಿಗೆ ಪ್ರಾಣಾಂತಿಕವಾಗಬಲ್ಲದು. 1998ರಿಂದ ಅದಕ್ಕೆ ತಿಂಗಳಿಗೊಮ್ಮೆ ಕೊಡುವ ಪ್ರತಿಕಾಯದ ಚುಚ್ಚುಮದ್ದು ಇದ್ದಿತು. 2023ರಲ್ಲಿ ಇಡೀ ಋತುವಿಗೆ ಸಾಮಾನ್ಯವಾಗಿ ಒಂದೇ ಸಲ ಸಾಕಾಗುವ ಹೊಸ ಚುಚ್ಚುಮದ್ದು ಬಂದಿತು. ಆದರೂ ನೆಗಡಿ ಕೆಮ್ಮು ಇರುವವರು ಎಷ್ಟೇ ಹತ್ತಿರದ ಬಂಧುಗಳಾದರೂ ಮಗುವಿನಿಂದ ದೂರವಿರಬೇಕು. ಕೈ ತೊಳೆಯದೆ ಮುಟ್ಟಬಾರದು, ಮುದ್ದಿಸಬಾರದು. ಊರಿನಿಂದ ಬರುವ ಅಜ್ಜ ಅಜ್ಜಿಯರು ನಾಯಿಕೆಮ್ಮು ಹಾಗೂ ಫ್ಲೂ ಲಸಿಕೆ ಹಾಕಿಸಿಕೊಂಡು ಬರುವುದು ಒಳ್ಳೆಯದು. ಆಮ್ಲಜನಕವಿ‌ರುವಲ್ಲಿ ಬೆಂಕಿ ಸಲ್ಲದು. ಮಂಗಳಾರತಿಯ ತಟ್ಟೆಯನ್ನು ಪ್ರೀತಿಯಿಂದ ಮಗುವಿನ ಮುಖದ ಬಳಿ ಹಿಡಿಯಬೇಡಿ. ದೀಪ, ಕರ್ಪೂರ, ಊದುಬತ್ತಿ ಎಲ್ಲವೂ ಕನಿಷ್ಠ ಹತ್ತು ಅಡಿ ದೂರವಿರಲಿ. ಸಾಂಬ್ರಾಣಿ ಹೊಗೆಯನ್ನಂತೂ ಮನೆಯಲ್ಲಿಯೂ ಹಾಕಬೇಡಿ.

ಕಾರ್ಯಕಾರಿ ಸಮಿತಿಯವರಿಗೆ ನನ್ನ ಬಿನ್ನಹ ಇಷ್ಟು. ಸಭಾಂಗಣದಲ್ಲಿ ಬಾಗಿಲಿನ ಸಮೀಪ, ಗಾಳಿಯಾಡುವ ಕಡೆ, ಕರೆಂಟಿನ ಪ್ಲಗ್ ಇರುವಲ್ಲಿ ನಾಲ್ಕು ಕುರ್ಚಿಗಳನ್ನು ಪ್ರತಿ ಸಮಾರಂಭದಲ್ಲಿಯೂ ಮೀಸಲಿಡಿ. ತಾಯಿ ಹಾಲು ಕುಡಿಸಲು, ನಳಿಕೆ ಶುಚಿಮಾಡಲು ಒಂದು ಪಕ್ಕದ ಕೋಣೆ ಇರಲಿ. ಊಟದ ಸಾಲಿನಲ್ಲಿ ಅವರು ನಿಲ್ಲುವಂತಾಗಬಾರದು. ಯಾರಾದರೂ ಎಲೆ ತಂದುಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬರದೆ ಹೋದವರಿಗೆ ಒಮ್ಮೆ ದೂರವಾಣಿ ಮಾಡಿ. ಬರಲಾಗದಿದ್ದರೆ ಒಂದು ಡಬ್ಬಿ ಬಿಸಿಬೇಳೆಬಾತನ್ನು ಅವರ ಮನೆ ಬಾಗಿಲಲ್ಲಿ ಇಟ್ಟು ಬನ್ನಿ. ಇಲ್ಲಿ ಅವರಿಗೆ ಅಕ್ಕಪಕ್ಕದ ಮನೆಯ ಅತ್ತಿಗೆ, ಚಿಕ್ಕಮ್ಮಂದಿರಿಲ್ಲ. ಅವರಿಗಿರುವವರು ನಾವು.

ಇನ್ನು ಅಜ್ಜಿಯ ಪ್ರಶ್ನೆಗೆ ಉತ್ತರ. ಮಗುವಿನ ಉಸಿರು ಸ್ಥಿರವಾಗಿದ್ದು, ಅದನ್ನು ನೋಡಿಕೊಳ್ಳುವ ವೈದ್ಯರು ಒಪ್ಪಿದರೆ, ಮೊದಲು ಮರದ ನೆರಳಿನ ಪಾರ್ಕಿಗೆ, ಜನವಿಲ್ಲದ ಹೊತ್ತಿನಲ್ಲಿ. ಆಮೇಲೆ ಬೆಳಗಿನ ಹೊತ್ತು, ಗುಂಪು ಸೇರುವ ಮೊದಲು ದೇವಸ್ಥಾನಕ್ಕೆ. ಚಳಿಗಾಲ ಕಳೆದು ಯುಗಾದಿಯ ಹೊತ್ತಿಗೆ, ಇಲ್ಲಿಗೆ. ಆ ಮಗು ಈ ಬಾಗಿಲಲ್ಲಿ ಬಂದಾಗ ಅದಕ್ಕೊಂದು ಜಾಗ ಸಿದ್ಧವಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.